ಎಂಟು ಹೆಂಗಸರು, ಎಂಟು ಹಾಡು, ಒಂದು ಕೊಲೆ

ಪ್ರಶ್ನೆ: ನಮ್ಮದು ಹೆಣ್ಣುಮಕ್ಕಳೇ ಇರುವ ಹವ್ಯಾಸಿ ನಾಟಕ ತಂಡ, ಒಟ್ಟು ಎಂಟು ಜನ. ಹಾಡುಗಳಿರುವ ಒಂದು ಕೊಲೆ ರಹಸ್ಯದ ನಾಟಕ ಮಾಡಬೇಕೆಂದು ಹೊರಟಿದ್ದೇವೆ. ಯಾರೋ ಫ್ರೆಂಚ್ ಸಿನಿಮಾ ‘8 ಫಾಮ್’ ನೋಡಿ ಎಂದರು, ನೋಡಿದೆವು. ನಟಿಯರೇನೋ ಅದ್ಭುತ. ಆದರೆ ತನಿಖೆ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಒಬ್ಬರು ಹಾಡಲು ನಿಲ್ಲುತ್ತಾರೆ, ಕತೆ ಅಲ್ಲೇ ನಿಂತುಹೋಗುತ್ತದೆ. ಇದು ದೋಷವೋ, ಬೇಕೆಂದೇ ಮಾಡಿದ್ದೋ? ನಮ್ಮ ನಾಟಕದಲ್ಲಿ ಹಾಡುಗಳನ್ನು ಎಲ್ಲಿ ಇಡಬೇಕು? ಅದೇ ಕತೆಯನ್ನು ಕನ್ನಡಕ್ಕೆ ತಂದರೆ ಆಗುತ್ತದೆಯೇ?

ಉತ್ತರ: ಕತೆ ನಿಲ್ಲುತ್ತದೆ, ನಿಜ. ಬೇಕೆಂದೇ ನಿಲ್ಲಿಸಿದ್ದು. ಆ ಮನೆಯಲ್ಲಿ ಮಾತಾಡುವಾಗ ಎಲ್ಲರೂ ಸುಳ್ಳು ಹೇಳುತ್ತಾರೆ, ಹಾಡುವಾಗ ಒಬ್ಬರೂ ಹೇಳುವುದಿಲ್ಲ. ಮಾತು ಕೊಲೆಯನ್ನು ತನಿಖೆ ಮಾಡುತ್ತದೆ, ಹಾಡು, ಹಾಡುವವಳನ್ನು. ಇದೊಂದನ್ನು ಹಿಡಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಕೊಲೆಗಾರರು ಯಾರೆಂದು ಈ ಉತ್ತರದಲ್ಲಿ ಹೇಳಿಲ್ಲ. ಸಿನಿಮಾ ಇನ್ನೂ ನೋಡದವರು ಧೈರ್ಯವಾಗಿ ಓದಬಹುದು. ಹೆಂಗಸರ ಕೆಲವು ಗುಟ್ಟುಗಳು ಮಾತ್ರ ಬಯಲಾಗುತ್ತವೆ.

ಮೊದಲು ಹಿನ್ನೆಲೆ. ಇದರ ಮೂಲ ರೊಬೇರ್ ತೊಮಾ 1958ರಲ್ಲಿ ಬರೆದ ನಾಟಕ. ಅದರಲ್ಲಿ ಹಾಡುಗಳಿಲ್ಲ. ಒಂದೇ ಮನೆ, ಎಂಟು ಹೆಂಗಸರು, ಬೆನ್ನಿಗೆ ಚೂರಿ ಹಾಕಿಸಿಕೊಂಡ ಒಬ್ಬ ಯಜಮಾನ: ಇಷ್ಟೇ. ನಿರ್ದೇಶಕ ಫ್ರಾಂಸ್ವಾ ಓಜೋನ್ 2002ರಲ್ಲಿ ಸಿನಿಮಾ ಮಾಡುವಾಗ ಹಾಡುಗಳನ್ನು ಹೊರಗಿನಿಂದ ತಂದು ಹೆಣೆದರು. ಹೊಸದಾಗಿ ಬರೆಸಿದ ಹಾಡು ಒಂದೂ ಇಲ್ಲ. ಎಲ್ಲವೂ ಫ್ರೆಂಚರು ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾಗಿದ್ದವು. ನಮಗೆ ಕನ್ನಡದಲ್ಲಿ ಕುಳಿತು ನೋಡುವಾಗ ತಪ್ಪಿಹೋಗುವುದು ಇದೇ. ಅಂತ್ಯಾಕ್ಷರಿಯಲ್ಲಿ ಮೊದಲ ಅಕ್ಷರ ಬಿದ್ದ ಕೂಡಲೇ ಇಡೀ ಮನೆ ದನಿಗೂಡಿಸುವ ಹಾಡೊಂದನ್ನು ಕೊಲೆ ನಡೆದ ಮನೆಯ ಅಡುಗೆಯವಳು ಇದ್ದಕ್ಕಿದ್ದಂತೆ ಹಾಡತೊಡಗಿದರೆ ಹೇಗಿರುತ್ತದೆ? ಅಲ್ಲಿನ ಪ್ರೇಕ್ಷಕರಿಗೆ ಹಾಗಿತ್ತು. ಹಾಡಿನ ಜೊತೆಗೆ ಅವರವರ ನೆನಪೂ ಬಂದು ಕೂರುತ್ತಿತ್ತು. ನಮಗೆ ಸಬ್‌ಟೈಟಲ್ ಮಾತ್ರ ಸಿಗುತ್ತದೆ. ಹಾಗಾಗಿ ‘ನಿಂತುಹೋಯಿತು’ ಎಂಬ ಭಾವ ನಮಗೆ ಹೆಚ್ಚು.

ಇನ್ನೊಂದು ವಿಷಯ: ಕತೆ ನಡೆಯುವುದು 1950ರ ದಶಕದ ಕ್ರಿಸ್ಮಸ್ ಹೊತ್ತಿನಲ್ಲಿ. ಸುತ್ತ ಹಿಮ, ಟೆಲಿಫೋನ್ ತಂತಿ ಕತ್ತರಿಸಿದೆ, ಕಾರು ಹೊರಡುವುದಿಲ್ಲ, ರಾತ್ರಿ ನಾಯಿಗಳು ಬೊಗಳಿಲ್ಲ. ಅಂದರೆ ಕೊಂದವರು ಮನೆಯವರೇ. ಆದರೆ ಹಾಡುಗಳು ಯಾವ ಕಾಲದವು ನೋಡಿ. ಹಿರಿ ಮಗಳು ಸುಜೋಂ ಹಾಡುವುದು 1967ರಲ್ಲಿ ಮಾರಿ ಲಾಫೊರೆ ಹಾಡಿದ್ದು. ಅಡುಗೆಯ ಮದಾಮ್ ಶನೆಲ್ ಹಾಡುವುದು 1972ರಲ್ಲಿ ದಲಿದಾ ಹಾಡಿದ್ದು. ಚಿಕ್ಕಮ್ಮ ಓಗುಸ್ತೀನ್‌ಳದ್ದು 1973ರ ಫ್ರಾಂಸ್ವಾಜ್ ಆರ್ದಿ, ತಾಯಿ ಗಾಬಿಯದ್ದು 1976ರ ಸಿಲ್ವಿ ವಾರ್ತಾನ್. ಕೆಲಸದ ಹುಡುಗಿ ಲೂಯೀಸ್ ಹಾಡುವುದಂತೂ 1980ರ ದಶಕದ ಡಿಸ್ಕೊ ಹಾಡು. ಇವು ಯಾವುವೂ ಆ ಮನೆಯ ರೇಡಿಯೋದಲ್ಲಿ ಬರಲು ಸಾಧ್ಯವಿಲ್ಲ. ಕಾಲದ ಲೆಕ್ಕ ತಪ್ಪಿದ್ದಲ್ಲ, ತಪ್ಪಿಸಿದ್ದು. ಹಾಡುವ ಆ ಎರಡು ಮೂರು ನಿಮಿಷ ಅವಳು ಮನೆಯಿಂದ, ತನಿಖೆಯಿಂದ, ತನ್ನ ಕಾಲದಿಂದಲೇ ಹೊರಗೆ ನಿಂತಿರುತ್ತಾಳೆ. ನಮ್ಮ ಕಂಪನಿ ನಾಟಕಗಳಲ್ಲಿ ಪಾತ್ರಧಾರಿ ಪ್ರಸಂಗವನ್ನು ಅಲ್ಲೇ ಬಿಟ್ಟು, ರಂಗದ ಮುಂದಕ್ಕೆ ಬಂದು, ಪ್ರೇಕ್ಷಕರಿಗೇ ನೇರವಾಗಿ ಹಾಡುತ್ತಿದ್ದರಲ್ಲ, ಅದೇ ಬಗೆ. ಕಂಪನಿ ನಾಟಕ ನೋಡಿದ ಕಣ್ಣಿಗೆ ಈ ಸಿನಿಮಾ ಅಷ್ಟೇನೂ ಪರಕೀಯವಲ್ಲ.

ರಹಸ್ಯ ಕತೆಗೆ ಹಾಡು ಶತ್ರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದಕ್ಕೆ ಕಾರಣವೂ ಇದೆ. ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಹಾಡೇ ಇಲ್ಲದೆ ಬಂದು ಬಿಗಿಯಾಗಿ ನಿಂತಿತು. ಅದು ಒಂದು ದಾರಿ. ಹಾಡನ್ನು ಸುಮ್ಮನೆ ಅಲ್ಲಲ್ಲಿ ತುರುಕುವುದು ಕೆಟ್ಟ ದಾರಿ. ಓಜೋನ್ ಹಿಡಿದದ್ದು ಮೂರನೆಯದು: ಹಾಡನ್ನು ರಹಸ್ಯದ ಇನ್ನೊಂದು ಮುಖವಾಗಿಯೇ ಬಳಸುವುದು.

ಓಗುಸ್ತೀನ್‌ಳನ್ನು ತೆಗೆದುಕೊಳ್ಳಿ, ಇಸಬೆಲ್ ಯುಪೇರ್ ಮಾಡಿದ ಪಾತ್ರ. ಕನ್ನಡಕ, ಬಿಗಿದು ಕಟ್ಟಿದ ಕೂದಲು, ಬಾಯಿ ತೆರೆದರೆ ಕೊಂಕು. ಅಕ್ಕನ ಮನೆಯಲ್ಲಿ ಉಂಡುಕೊಂಡಿದ್ದೇ ಅಕ್ಕನನ್ನು ಚುಚ್ಚುವವಳು. ಅವಳ ಪಾಲಿಗೆ ಬಂದ ಹಾಡಿನ ಮೂಲದಲ್ಲೇ ಒಂದು ವಿಶೇಷವಿದೆ. ಅದು ಶುರುವಾಗುವುದು ರಾಗದಲ್ಲಲ್ಲ, ಮಾತಿನಲ್ಲಿ. ಫೋನಿನ ಆ ಕಡೆ ಇರುವವನಿಗೆ ಹೇಳಲಾರದ ಮಾತನ್ನು ಪಿಸುಗುಟ್ಟುತ್ತಾ ಬಂದು, ಆಮೇಲೆ ತಡೆಯಲಾರದೆ ಹಾಡಾಗುತ್ತದೆ. ಇಡೀ ಜೀವನ ಭಾವನ ಮೇಲಿನ ಪ್ರೀತಿಯನ್ನು ನುಂಗಿಕೊಂಡ ಹೆಂಗಸಿಗೆ ಇದಕ್ಕಿಂತ ಒಪ್ಪುವ ಹಾಡು ಸಿಗದು. ಪಿಯಾನೋ ಮುಂದೆ ಕುಳಿತು ಅವಳು ಅದನ್ನು ಮುಗಿಸುತ್ತಾಳೆ, ಎದ್ದ ಮೇಲೆ ಮತ್ತೆ ಅದೇ ಕೊಂಕು. ಆದರೆ ಇನ್ನು ಮುಂದೆ ಆ ಕೊಂಕನ್ನು ನಾವು ಮೊದಲಿನ ಹಾಗೆ ಕೇಳಲಾರೆವು. ಹಾಡು ಮಾಡಿದ ಕೆಲಸ ಅದು.

ಶನೆಲ್‌ಳ ಹಾಡೂ ಹಾಗೆಯೇ. ಒಂಟಿಯಾಗಿ ಬದುಕಬಾರದೆಂದು ಜನ ಏನೆಲ್ಲ ಮಾಡುತ್ತಾರೆ ಎಂಬುದೇ ಅದರ ವಸ್ತು. ನಾಯಿ ಸಾಕುತ್ತಾರೆ, ಗುಲಾಬಿ ಬೆಳೆಸುತ್ತಾರೆ, ಹೆಣ್ಣು ಹೆಣ್ಣನ್ನೇ ಪ್ರೀತಿಸುತ್ತಾಳೆ. ಅವಳ ಗುಟ್ಟು ಆಗಷ್ಟೇ ಮನೆಯವರ ಮುಂದೆ ಬಯಲಾಗಿದೆ, ಎಲ್ಲರೂ ಮುಖ ತಿರುಗಿಸಿದ್ದಾರೆ. ಶನೆಲ್ ಪಾತ್ರ ಮಾಡಿದ, ಕೆರಿಬಿಯನ್ ದ್ವೀಪ ಗ್ವಾದಲೂಪ್ ಮೂಲದ ಫಿರ್ಮೀನ್ ರಿಶಾರ್ ಅದನ್ನು ಸ್ವಲ್ಪವೂ ಅಳದೆ ಹಾಡುತ್ತಾರೆ. ಇಡೀ ಚಿತ್ರದಲ್ಲಿ ಅತ್ಯಂತ ಘನತೆಯ ಎರಡು ನಿಮಿಷ ಇವೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಚಿತ್ರದ ಬಗ್ಗೆ ಬರೆಯುವವರು ಗಾಬಿಯಾದ ಕಾತ್ರೀನ್ ದನೂವ್, ಫಾನಿ ಆರ್ದಾಂ ಎಂಬ ದೊಡ್ಡ ತಾರೆಯರ ಬಗ್ಗೆಯೇ ಬರೆದು ಇವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ.

ಉಳಿದವನ್ನು ಬೇಗ ನೋಡಿಬಿಡೋಣ. ಫಾನಿ ಆರ್ದಾಂ ಮಾಡಿದ ಪಿಯೆರೆತ್, ಸತ್ತವನ ತಂಗಿ, ಯಾರ ಹಂಗಿಗೂ ಬೀಳದವಳು. ಅವಳು ಹಾಡುವುದು ‘ಪ್ರೀತಿಯಿಲ್ಲದೆ ಸ್ವತಂತ್ರವಾಗಿ ಬದುಕಿ ಏನು ಫಲ’ ಎಂದು. ಲೂಯೀಸ್ ತಲೆಗೂದಲು ಬಿಚ್ಚಿ, ಏಪ್ರನ್ ಕಳಚಿ ಹಾಡುತ್ತಾಳೆ. ಅಲ್ಲಿಂದ ಮುಂದೆ ಅವಳು ಕೆಲಸದವಳಲ್ಲ. ಬೇರೆಯವರೆಲ್ಲ ತುಪ್ಪಳದ ಕೋಟು, ಒಡವೆ ಕೊಡಲು ಮುಂದೆ ಬರುತ್ತಾರೆ, ನೀನೊಬ್ಬ ಮಾತ್ರ ಎಂದೂ ಇಲ್ಲ ಎಂದು ಹಾಡುವವಳು ಗಾಬಿ. ಮನೆಗೆ ತುಪ್ಪಳದ ಕೋಟು ಹಾಕಿಕೊಂಡೇ ಬಂದವಳು. ಮೊದಲ ಹಾಡು ಕಿರಿಮಗಳು ಕಾತ್ರೀನ್‌ಳದ್ದು, 1960ರ ದಶಕದ ಆರಂಭದ ಹುಡುಗಾಟದ ಹಾಡು: ‘ಅಪ್ಪ, ನಿನಗೆ ಈಗಿನ ಕಾಲ ಗೊತ್ತಿಲ್ಲ’ ಎಂಬ ಧಾಟಿ. ಎರಡನೆಯ ಸಲ ನೋಡುವಾಗ ಈ ಹಾಡನ್ನು ಬಿಡದೆ ಕೇಳಿ. ಇಷ್ಟೇ ಹೇಳುತ್ತೇನೆ.

ಈಗ ನಿಮ್ಮ ನಾಟಕ.

ಬರೆಯಲು ಕೂರುವ ಮುಂಚೆ ಒಂದು ದೊಡ್ಡ ಹಾಳೆಯಲ್ಲಿ ಕೊಲೆ ನಡೆದ ರಾತ್ರಿಯ ವೇಳಾಪಟ್ಟಿ ಹಾಕಿ. ಅಡ್ಡಸಾಲಿಗೆ ಎಂಟು ಹೆಸರು, ಉದ್ದಸಾಲಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅರ್ಧ ಗಂಟೆಗೊಂದು ಮನೆ. ಪ್ರತಿ ಮನೆಯಲ್ಲೂ ಎರಡು ಬಣ್ಣದಲ್ಲಿ ಬರೆಯಬೇಕು: ಅವಳು ನಿಜವಾಗಿ ಎಲ್ಲಿದ್ದಳು, ಎಲ್ಲಿದ್ದೆನೆಂದು ಹೇಳುತ್ತಾಳೆ. ಎರಡೂ ಒಂದೇ ಆಗಿರುವ ಕಡೆ ನಾಟಕವಿಲ್ಲ. ಬೇರೆಯಾದ ಕಡೆ ದೃಶ್ಯವಿದೆ. ಇದಾದ ಮೇಲೆ ಇನ್ನೊಂದು ಹಾಳೆ: ಯಾರಿಗೆ ಯಾರ ಗುಟ್ಟು ಗೊತ್ತು. ಎಂಟು ಜನರಲ್ಲಿ ಒಬ್ಬೊಬ್ಬರಿಗೂ ಉಳಿದ ಏಳು ಜನ, ಅಂದರೆ 56 ಮನೆಗಳು. ಎಲ್ಲವನ್ನೂ ತುಂಬಬೇಕಾಗಿಲ್ಲ, ಇಪ್ಪತ್ತು ತುಂಬಿದರೆ ಎರಡು ನಾಟಕಕ್ಕಾಗುವಷ್ಟು ಸರಕು. ಆದರೆ ಹಾಳೆ ಬೇಕೇ ಬೇಕು. ಹವ್ಯಾಸಿ ರಹಸ್ಯ ನಾಟಕಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಎರಡನೇ ಅಂಕದಲ್ಲಿ ಒಬ್ಬಳು ಬೆಚ್ಚಿಬಿದ್ದು ಕೇಳಿಸಿಕೊಳ್ಳುವ ವಿಷಯ ಮೊದಲ ಅಂಕದಲ್ಲೇ ಅವಳ ಎದುರಿಗೆ ಯಾರೋ ಆಡಿದ ಮಾತಾಗಿರುತ್ತದೆ. ರಿಹರ್ಸಲ್‌ನಲ್ಲಿ ಯಾರೂ ಗಮನಿಸುವುದಿಲ್ಲ, ಪ್ರೇಕ್ಷಕರಲ್ಲಿ ಹತ್ತು ಜನ ಗಮನಿಸುತ್ತಾರೆ.

ಸಮಯದ ಲೆಕ್ಕ ಹೀಗೆ. ಸಿನಿಮಾ ಸುಮಾರು ಒಂದು ಗಂಟೆ ಐವತ್ತು ನಿಮಿಷ, ಹಾಡು ಎಂಟು. ಸರಾಸರಿ ನೋಡಿದರೆ ಹದಿನಾಲ್ಕು ನಿಮಿಷಕ್ಕೊಂದು. ನಿಮ್ಮದು ತೊಂಬತ್ತು ನಿಮಿಷದ ನಾಟಕವೆಂದುಕೊಂಡರೆ ಹಾಡಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ತಲಾ ಎರಡೂವರೆ ನಿಮಿಷ. ಒಂದು ಪಲ್ಲವಿ, ಎರಡು ಚರಣ, ನಡುವೆ ವಾದ್ಯದ ಬಿಟ್ ಚಿಕ್ಕದು. ಎರಡು ಹಾಡುಗಳ ನಡುವೆ ಆರೇಳು ನಿಮಿಷವಾದರೂ ಮಾತಿರಲಿ. ಅದಕ್ಕಿಂತ ಹತ್ತಿರ ಬಂದರೆ ಪ್ರೇಕ್ಷಕರು ಸುಳಿವುಗಳನ್ನು ಕೈಬಿಟ್ಟು ಮುಂದಿನ ಹಾಡಿಗೆ ಕಾಯತೊಡಗುತ್ತಾರೆ. ಎಲ್ಲ ಅಂತರವೂ ಸಮನಾಗಿರಬೇಕೆಂದೇನಿಲ್ಲ, ಸಮನಾಗಿದ್ದರೆ ಇನ್ನೂ ಕೆಟ್ಟದ್ದು. ಎರಡು ಹಾಡಿನ ಅಂತರ ನೋಡಿದವರು ಮೂರನೆಯದು ಯಾವಾಗ ಬರುತ್ತದೆಂದು ಮೊದಲೇ ಹೇಳಿಬಿಡುತ್ತಾರೆ.

ಹಾಡಿನ ಜಾಗದ ಬಗ್ಗೆ ಒಂದು ಕಟ್ಟುನಿಟ್ಟಿನ ನಿಯಮ: ಸುಳಿವನ್ನು ಹಾಡಿನೊಳಗೆ ಇಡಬಾರದು. ರಾಗ ಕೇಳುವ ಕಿವಿ ಪದವನ್ನು ಅರ್ಧ ಮಾತ್ರ ಹಿಡಿಯುತ್ತದೆ. ಕೊನೆಯಲ್ಲಿ ‘ಅವಳು ಹಾಡಿನಲ್ಲೇ ಹೇಳಿದ್ದಳಲ್ಲ’ ಎಂದರೆ ಮೋಸಹೋದಂತೆ ಅನ್ನಿಸುತ್ತದೆ. ಸುಳಿವು ಬರಬೇಕಾದದ್ದು ಹಾಡಿಗೆ ಮುಂಚಿನ ಅರ್ಧ ನಿಮಿಷದ ಮಾತಿನಲ್ಲಿ, ಸಾದಾ ಮಾತಾಗಿ. ಪ್ರೇಕ್ಷಕರು ಅದನ್ನು ಕೇಳಿಸಿಕೊಳ್ಳುತ್ತಾರೆ, ಕೂಡಲೇ ಹಾಡು ಶುರುವಾಗಿ ಅದರ ಮೇಲೆ ಹಾಸಿಕೊಳ್ಳುತ್ತದೆ, ಹಾಡು ಮುಗಿಯುವಷ್ಟರಲ್ಲಿ ಸುಳಿವು ಮರೆತಿರುತ್ತದೆ. ನಿಮಗೆ ಕತೆ ‘ನಿಂತಂತೆ’ ಅನ್ನಿಸಿತಲ್ಲ, ಆ ನಿಲುಗಡೆಯನ್ನು ಮರೆಸಲು ಬಳಸಿಕೊಳ್ಳಿ.

ಎರಡನೆಯ ನಿಯಮ: ಹಾಡಿದ್ದನ್ನು ಮನೆಯವರು ಯಾರೂ ಸಾಕ್ಷಿಯಾಗಿ ಬಳಸಬಾರದು. ಚಿತ್ರದಲ್ಲಿ ಉಳಿದವರು ಕುಳಿತು ನೋಡುತ್ತಾರೆ, ಜೊತೆಗೆ ಹೆಜ್ಜೆ ಹಾಕುತ್ತಾರೆ. ಆದರೆ ‘ನೀನು ಈಗ ತಾನೇ ಹೀಗೆ ಹಾಡಿದೆಯಲ್ಲ’ ಎಂದು ಯಾರೂ ಹಿಡಿದು ಕೇಳುವುದಿಲ್ಲ. ಹಾಗೊಮ್ಮೆ ಕೇಳಿಬಿಟ್ಟರೆ ಹಾಡು ಹೇಳಿಕೆಯಾಗುತ್ತದೆ, ಹೇಳಿಕೆಯಾದ ಮೇಲೆ ಅದೂ ಸುಳ್ಳಿರಬಹುದು, ಅಲ್ಲಿಗೆ ಇಡೀ ಕಟ್ಟೋಣ ಕುಸಿಯಿತು.

ಎಂಟು ಮುಖಗಳನ್ನು ಪ್ರೇಕ್ಷಕರಿಗೆ ಪರಿಚಯಿಸುವುದು ದೊಡ್ಡ ಕಷ್ಟ. ಚಿತ್ರ ಇದಕ್ಕೆ ಮೂರು ಉಪಾಯ ಮಾಡಿದೆ. ಹೆಸರು ತೋರಿಸುವಾಗಲೇ ಒಬ್ಬೊಬ್ಬ ನಟಿಗೆ ಒಂದೊಂದು ಹೂವು. ಆರ್ದಾಂಗೆ ಕೆಂಪು ಗುಲಾಬಿ. ಆಮೇಲೆ ಉಡುಪಿನ ಬಣ್ಣ: ಪಿಯೆರೆತ್‌ಗೆ ಕೆಂಪು, ಸುಜೋಂಗೆ ಗುಲಾಬಿ, ಕಾತ್ರೀನ್‌ಗೆ ಹಸಿರು, ಲೂಯೀಸ್‌ಗೆ ಕಪ್ಪು ಬಿಳುಪು. ಮೂರನೆಯದಾಗಿ, ಎಂಟನೆಯವಳಾದ ಪಿಯೆರೆತ್ ಮನೆಯೊಳಗೆ ಬರುವುದು ಹೆಣ ಸಿಕ್ಕ ಮೇಲೆ. ಅಷ್ಟರಲ್ಲಿ ಏಳು ಜನ ನಮಗೆ ಗೊತ್ತಾಗಿರುತ್ತಾರೆ. ನೀವೂ ಏಳನ್ನು ಮೊದಲ ಹನ್ನೆರಡು ನಿಮಿಷದಲ್ಲಿ ಇಬ್ಬಿಬ್ಬರಾಗಿ ತನ್ನಿ, ಎಂಟನೆಯವಳನ್ನು ತಡವಾಗಿ ಬಾಗಿಲು ತಟ್ಟಿಸಿ. ಸೀರೆಯ ಬಣ್ಣ ಒಮ್ಮೆ ಗೊತ್ತು ಮಾಡಿದ ಮೇಲೆ ಕೊನೆಯವರೆಗೂ ಬದಲಿಸಬೇಡಿ. ಬದಲಿಸಿದರೆ ಅದಕ್ಕೊಂದು ಅರ್ಥವಿರಬೇಕು. ಓಗುಸ್ತೀನ್ ಒಮ್ಮೆ ಪೂರ್ತಿ ವೇಷ ಬದಲಿಸಿ ಮೆಟ್ಟಿಲಿಳಿದು ಬರುತ್ತಾಳೆ. ಅದುವರೆಗೆ ಅವಳ ಉಡುಪು ಅಷ್ಟು ಮಂಕಾಗಿದ್ದರಿಂದಲೇ ಅದು ಅಷ್ಟು ಜೋರಾಗಿ ತಾಗುತ್ತದೆ. ಹೆಸರುಗಳೂ ಒಂದೇ ಅಕ್ಷರದಿಂದ ಶುರುವಾಗಬಾರದು. ಸುಧಾ, ಸುಮಾ, ಸುಜಾತಾ ಒಂದೇ ನಾಟಕದಲ್ಲಿದ್ದರೆ ಮುಗಿಯಿತು.

ಸತ್ತವನ ಪಾತ್ರಕ್ಕೆ ಗಂಡಸನ್ನು ಹುಡುಕುವ ಚಿಂತೆಯೂ ಬೇಡ. ಚಿತ್ರದಲ್ಲೂ ಯಜಮಾನ ಮಾರ್ಸೆಲ್‌ನ ಮುಖ ತೋರಿಸುವುದಿಲ್ಲ. ಮಹಡಿ ಮೆಟ್ಟಿಲು, ಮೇಲೊಂದು ಮುಚ್ಚಿದ ಬಾಗಿಲು, ಅದಕ್ಕೆ ಬೀಗ: ಸಾಕು. ಆ ಬಾಗಿಲು ಪ್ರೇಕ್ಷಕರಿಗೆ ಸದಾ ಕಾಣುವಂತಿರಲಿ.

ದನಿಯ ವಿಷಯಕ್ಕೆ ಬರೋಣ. ಎಂಟೂ ನಟಿಯರು ತಮ್ಮ ದನಿಯಲ್ಲೇ ಹಾಡಿದ್ದಾರೆ, ಅವರಲ್ಲಿ ಹೆಚ್ಚಿನವರು ಗಾಯಕಿಯರಲ್ಲ. ಹೋಲಿಸಿ ನೋಡಿ: 1967ರ ‘ರೋಶ್‌ಫೋರ್‌ನ ಹುಡುಗಿಯರು’ ಚಿತ್ರದಲ್ಲೂ ಕಾತ್ರೀನ್ ದನೂವ್ ಮಗಳು, ದಾನಿಯೆಲ್ ದಾರಿಯೂ ತಾಯಿ. ಅಲ್ಲಿ ದನೂವ್‌ಗೆ ಬೇರೊಬ್ಬರು ಹಾಡಿದ್ದರು, ದಾರಿಯೂ ಮಾತ್ರ ಸ್ವಂತ ದನಿ. ಅದೇ ತಾಯಿ ಮಗಳು 35 ವರ್ಷ ಕಳೆದು ಇಲ್ಲಿ ಮತ್ತೆ ತಾಯಿ ಮಗಳಾಗಿ, ದಾರಿಯೂ ಅಜ್ಜಿಯಾಗಿ, ದನೂವ್ ಗಾಬಿಯಾಗಿ ಬಂದಾಗ ದನೂವ್ ತಾನೇ ಹಾಡುತ್ತಾರೆ. ತರಬೇತಿಯಿಲ್ಲದ ದನಿ, ಅಲ್ಲಲ್ಲಿ ಉಸಿರು ಕೇಳಿಸುತ್ತದೆ. ಸತ್ಯ ಹೇಳುವ ಹಾಡಿಗೆ ಹಿನ್ನೆಲೆ ಗಾಯಕಿ ಒಪ್ಪುವುದಿಲ್ಲ, ಅದಕ್ಕೆ. ಹಾಗಾಗಿ ನಿಮ್ಮ ತಂಡದಲ್ಲಿ ಚೆನ್ನಾಗಿ ಹಾಡುವ ಇಬ್ಬರಿಗೇ ನಾಲ್ಕು ನಾಲ್ಕು ಹಾಡು ಹಂಚಬೇಡಿ. ಒಬ್ಬೊಬ್ಬರಿಗೂ ಒಂದು, ಯಾರಿಗೂ ಎರಡಿಲ್ಲ. ಈ ಚಿತ್ರದಲ್ಲಿ ನಾಯಕಿ ಯಾರೆಂದು ಹೇಳಲು ಬರುವುದಿಲ್ಲ. ಬರ್ಲಿನ್ ಚಿತ್ರೋತ್ಸವ ಬೆಳ್ಳಿ ಕರಡಿ ಪ್ರಶಸ್ತಿಯನ್ನು ಎಂಟು ಜನರಿಗೂ ಒಟ್ಟಾಗಿ ಕೊಟ್ಟಿತು, ಯುರೋಪಿಯನ್ ಚಲನಚಿತ್ರ ಪ್ರಶಸ್ತಿಯಲ್ಲೂ ಶ್ರೇಷ್ಠ ನಟಿ ಎಂದು ಎಂಟೂ ಹೆಸರು ಬಂದವು. ಹಾಡಿನ ಸಮಪಾಲು ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಎಲ್ಲರಿಗೂ ಒಂದೇ ಶ್ರುತಿ ಇಟ್ಟುಕೊಳ್ಳುವುದು ಹವ್ಯಾಸಿ ತಂಡಗಳ ಮಾಮೂಲಿ ತಪ್ಪು. ಹಾರ್ಮೋನಿಯಂ ನುಡಿಸುವವರಿಗೆ ಅನುಕೂಲವೆಂದು ಐದು ಮನೆಗೆ, ಅಂದರೆ ಐದನೆಯ ಬಿಳಿ ಮನೆಯ ಎತ್ತರದ ಶ್ರುತಿಗೆ, ಇಟ್ಟುಬಿಡುತ್ತಾರೆ. ತಗ್ಗು ದನಿಯವಳು ಮೇಲಿನ ಷಡ್ಜಕ್ಕೆ ಹೋಗಲು ಕಿರುಚುತ್ತಾಳೆ, ಕಿರುಚಿದರೆ ಪಾತ್ರ ಹೋಯಿತು. ಒಬ್ಬೊಬ್ಬರನ್ನೂ ಪ್ರತ್ಯೇಕ ಕೂರಿಸಿ, ಅವಳು ಮಾತಾಡುವ ದನಿಗೆ ಹತ್ತಿರದ ಶ್ರುತಿ ಹುಡುಕಿ, ರಾಗದ ಹರವನ್ನು ಒಂದು ಸ್ಥಾಯಿಯೊಳಗೆ ಕಟ್ಟಿ. ಮೂರು, ನಾಲ್ಕು ಎಂದು ಬಂದರೂ ಪರವಾಗಿಲ್ಲ. ಆರ್ದಾಂ ಅವರ ಹಾಡು ಕೇಳಿ, ಎಷ್ಟು ತಗ್ಗಿನಲ್ಲಿದೆ ಎಂದು ತಿಳಿಯುತ್ತದೆ. ಮಾತಿನಿಂದ ಹಾಡಿಗೆ ದಾಟುವ ಮೊದಲ ಸಾಲು ಮಾತಿನ ಎತ್ತರದಲ್ಲೇ ಇರಬೇಕು, ಓಗುಸ್ತೀನ್‌ಳ ಹಾಡಿನ ಹಾಗೆ. ಬೆಳಕು ಪೂರ್ತಿ ಆರಿಸಿ ಸ್ಪಾಟ್ ಹಾಕಬೇಡಿ. ಉಳಿದ ಏಳು ಜನ ಮಂಕಾಗಿಯಾದರೂ ಕಾಣುತ್ತಿರಲಿ, ಅವರು ಅವಳನ್ನು ನೋಡುವ ರೀತಿಯೇ ಅರ್ಧ ದೃಶ್ಯ.

ಕನ್ನಡಕ್ಕೆ ತರಬಹುದೇ ಎಂಬ ಪ್ರಶ್ನೆಗೆ: ಅನುಮತಿಯಿಲ್ಲದೆ ಬೇಡ. ರೊಬೇರ್ ತೊಮಾ ತೀರಿಕೊಂಡದ್ದು 1989ರಲ್ಲಿ. ನಮ್ಮ ಕಾಯಿದೆಯ ಪ್ರಕಾರ ಲೇಖಕರ ಹಕ್ಕು ಅವರು ಸತ್ತ ಮುಂದಿನ ವರ್ಷದಿಂದ 60 ವರ್ಷ, ಅಂದರೆ 2049ರ ಕೊನೆಯವರೆಗೂ ಇರುತ್ತದೆ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಪ್ರದರ್ಶಿಸಿದರೆ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿಯಿದೆ ಎಂದು ಹಲವರು ಹೇಳುತ್ತಾರೆ. ಆ ವಿನಾಯಿತಿ ಇರುವುದು ಪ್ರದರ್ಶನಕ್ಕೆ. ಅನುವಾದ, ರೂಪಾಂತರದ ಹಕ್ಕು ಬೇರೆಯೇ. ಫ್ರೆಂಚ್ ನಾಟಕಕಾರರ ಹಕ್ಕುಗಳನ್ನು ನೋಡಿಕೊಳ್ಳುವ ಎಸ್‌ಎಸಿಡಿ ಎಂಬ ಸಂಸ್ಥೆ ಪ್ಯಾರಿಸ್‌ನಲ್ಲಿದೆ, ವಿಚಾರಿಸುವುದಾದರೆ ಅಲ್ಲಿಂದ ಶುರು ಮಾಡಿ. ಅದಕ್ಕಿಂತ ಸ್ವಂತ ಕತೆ ಬರೆಯುವುದೇ ಮೇಲು. ಹೊರಗೆ ಹೋಗಲಾಗದ ಮನೆ, ಒಳಗೆ ಎಂಟು ಹೆಂಗಸರು ಎಂಬ ಕಟ್ಟು ಯಾರ ಸ್ವತ್ತೂ ಅಲ್ಲ. ಹಿಮದ ಬದಲು ಆಗುಂಬೆಯ ಜುಲೈ ಮಳೆಯಲ್ಲಿ ರಸ್ತೆ ಕುಸಿದು ದಾರಿ ಮುಚ್ಚಿದ ಒಂಟಿ ಮನೆ ಇಟ್ಟರೆ ಕರೆಂಟು, ಫೋನು ಎರಡೂ ಹೋಗಲು ಯಾರೂ ತಂತಿ ಕತ್ತರಿಸಬೇಕಾಗಿಲ್ಲ. ಹಾಡುಗಳನ್ನು ಹೊಸದಾಗಿ ಬರೆಸಿ. ಪ್ರೇಕ್ಷಕರಿಗೆ ಗೊತ್ತಿರುವ ಹಾಡೇ ಬೇಕೆಂದರೆ, ಓಜೋನ್ ಮಾಡಿದ್ದರ ಬಲವೆಲ್ಲ ಅದರಲ್ಲೇ ಇತ್ತು ನಿಜ, ಜನಪದ ಗೀತೆ, ವಚನ, ದಾಸರ ಪದಗಳಲ್ಲಿ ಹುಡುಕಿ. ಅಕ್ಕನ ವಚನವೊಂದನ್ನು ಸಿಟ್ಟಿನಲ್ಲಿರುವ ಗಂಡುಬೀರಿ ಹುಡುಗಿಯ ಬಾಯಲ್ಲಿ ಕೇಳಿಸಿ ನೋಡಿ.

ಕೊನೆಯ ಹಾಡಿನ ಬಗ್ಗೆ ಎಚ್ಚರ. ರಹಸ್ಯ ಒಡೆದ ಮೇಲೆ ಹಾಡಿಡುವುದು ಬಹಳ ಅಪಾಯ. ಕುರ್ಚಿಯ ಸದ್ದು ಶುರುವಾಗಿರುತ್ತದೆ, ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಆದರೂ ಚಿತ್ರ ಅಲ್ಲೊಂದು ಹಾಡು ಇಟ್ಟಿದೆ, ಅದನ್ನು ಅಜ್ಜಿಗೆ ಕೊಟ್ಟಿದೆ. ಚಿತ್ರದಲ್ಲಿ ಅವಳನ್ನು ಕರೆಯುವುದು ಮಾಮಿ ಎಂದು, ಫ್ರೆಂಚ್‌ನಲ್ಲಿ ಹಾಗೆಂದರೆ ಅಜ್ಜಿ. ಆ ಪಾತ್ರ ಮಾಡಿದ ದಾರಿಯೂ 1931ರಿಂದ ಸಿನಿಮಾದಲ್ಲಿದ್ದವರು, ಚಿತ್ರ ತೆರೆ ಕಂಡಾಗ ಅವರಿಗೆ 84. ಆ ಹಾಡು ಮೂಲತಃ ಕವಿತೆ. ಲೂಯಿ ಆರಾಗೊಂ ಎಂಬ ಕವಿ 1943ರಲ್ಲಿ, ಫ್ರಾನ್ಸ್ ಜರ್ಮನ್ನರ ಕೈಯಲ್ಲಿದ್ದಾಗ ಬರೆದದ್ದು. ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ರಾಗ ಹಾಕಿ ಮನೆಮನೆಗೆ ಮುಟ್ಟಿಸಿದಂತೆ, ಜಾರ್ಜ್ ಬ್ರಾಸಾನ್ಸ್ 1953ರಲ್ಲಿ ಅದಕ್ಕೆ ರಾಗ ಕಟ್ಟಿ ಹಾಡಿದರು. ಸುಖದ ಪ್ರೀತಿ ಎಂಬುದಿಲ್ಲ ಎಂಬುದು ಅದರ ಪಲ್ಲವಿ. ಆರಾಗೊಂ ಕವಿತೆಯ ಕೊನೆಯ ಪದ್ಯದಲ್ಲಿ ಒಂದು ಸಮಾಧಾನವಿದೆ: ಆದರೂ ಇದು ನಮ್ಮಿಬ್ಬರ ಪ್ರೀತಿ ಎಂದು. ಬ್ರಾಸಾನ್ಸ್ ಆ ಪದ್ಯವನ್ನೇ ಬಿಟ್ಟು ಹಾಡಿದರು.

ಎಂಟು ಹಾಡುಗಳಲ್ಲಿ ಕತೆಯ ಕಾಲಕ್ಕೆ ಸೇರಿದ್ದು ಇದೊಂದೇ. ಉಳಿದ ಏಳೂ ಆ ಮನೆಗೆ ಇನ್ನೂ ಬಂದಿರದ ಕಾಲದವು, ಇದು ಮಾತ್ರ ಆ ಅಜ್ಜಿ ನಿಜವಾಗಿ ಕೇಳಿರಬಹುದಾದ ಹಾಡು. ಉಳಿದವರು ಇಬ್ಬಿಬ್ಬರಾಗಿ ನಿಧಾನ ಹೆಜ್ಜೆ ಹಾಕುತ್ತಾರೆ, ಆಮೇಲೆ ಎಂಟೂ ಜನ ಕೈ ಹಿಡಿದು ನಮ್ಮೆದುರು ಸಾಲಾಗಿ ನಿಲ್ಲುತ್ತಾರೆ. ಹೊಸ ವಿಷಯ ಏನೂ ಇಲ್ಲ, ಯಾರನ್ನೂ ಬಯಲು ಮಾಡುವುದಿಲ್ಲ. ಅದಕ್ಕೇ ಅದು ನಿಲ್ಲುತ್ತದೆ. ನೀವೂ ಕೊನೆಯ ಹಾಡನ್ನು ತಂಡದ ಅತ್ಯಂತ ಹಿರಿಯರಿಗೆ ಕೊಡಿ. ತಾಳವಾದ್ಯ ಬೇಡ, ಶ್ರುತಿ ಮಾತ್ರ ಸಾಕು. ಎರಡೇ ನಿಮಿಷ. ದನಿ ಹಿಂದಿನ ಸಾಲಿಗೆ ಮುಟ್ಟದಿದ್ದರೆ ಹತ್ತಿರ ಒಂದು ಮೈಕ್ ಅಡಗಿಸಿಡಿ. ಜೋರಾಗಿ ಹಾಡಿ ಎಂದು ಮಾತ್ರ ಅವರಿಗೆ ಹೇಳಬೇಡಿ.